ಎರಡು ಪುಟ್ಟ ದೂರದರ್ಶಕಗಳಿಂದ ಒಂದು ಬೈನಾಕ್ಯುಲರ್

ಮೊದಲು ಕನ್ನಡಿಯ ಮುಂದೆ ಸ್ಕೇಲು ಹಿಡಿದು ನಿಮ್ಮ ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಿರಿ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 63 ಮಿ.ಮೀ. ಆಸುಪಾಸು. ದೂರದರ್ಶಕದ ಕೊಳವೆ ಇದಕ್ಕಿಂತ ದಪ್ಪವಿದ್ದರೆ ಎರಡೂ ಕಣ್ಣು ಒಟ್ಟಿಗೆ ನೋಡಲಾರವು. ಹಾಗಾಗಿ 50 ಮಿ.ಮೀ. ಮಸೂರದ, 360 ಮಿ.ಮೀ. ನಾಭಿದೂರದ ಒಂದೇ ಬಗೆಯ ಜೋಡಿ ಸಾಕು. 20 ಮಿ.ಮೀ. ನೇತ್ರಕ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 18 ಪಟ್ಟು ಹಿಗ್ಗುತ್ತದೆ.

80 ಮಿ.ಮೀ. ಮಸೂರಕ್ಕೆ ಆಸೆಪಟ್ಟು, ದೂರ ನಿಂತ ಕೊಳವೆಗಳ ಬೆಳಕನ್ನು ಕಣ್ಣಿನತ್ತ ಒಳಕ್ಕೆಳೆಯಲು, ಅದನ್ನು 90 ಡಿಗ್ರಿ ತಿರುಗಿಸುವ ಸಾದಾ ಲಂಬಕೋನ ಕನ್ನಡಿಗಳನ್ನು ಎರಡೆರಡು ಜೋಡಿಸಬೇಡಿ. ಒಂದು ಕಣ್ಣಿಗೆ ಚಿತ್ರ ಬಲಕ್ಕೆ ಮಲಗುತ್ತದೆ, ಇನ್ನೊಂದಕ್ಕೆ ಎಡಕ್ಕೆ. ಯಾವ ಮಿದುಳೂ ಅವೆರಡನ್ನು ಕೂಡಿಸದು. 50 ಮಿ.ಮೀ. ಜೋಡಿಯಲ್ಲೇ ಉಳಿದು, ಚಿತ್ರವನ್ನು ನೆಟ್ಟಗೆ ನಿಲ್ಲಿಸುವ 45 ಡಿಗ್ರಿ ಪ್ರಿಸಂ ಜೋಡಿಯನ್ನೇ ಕೊಳ್ಳಿ.

ಉಳಿದದ್ದೆಲ್ಲ ಪುಣೆಯ ಬೊಹರಿ ಆಳಿಯಲ್ಲಿ ಸಿಗುತ್ತದೆ: ದಪ್ಪ ಅಲ್ಯೂಮಿನಿಯಂ ಫಲಕ, ಬೋಲ್ಟು, ಹೋಸ್ ಕ್ಲಿಪ್. ಪ್ರತಿ ಕೊಳವೆಯ ಕೆಳಗೆ ಮುಂದೊಂದು, ಹಿಂದೊಂದು ಮರದ ತೊಟ್ಟಿಲು (ಕೊಳವೆ ಕೂರುವ ಆಸರೆ) ಇಟ್ಟು, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಿಪ್ ಬಿಗಿಯಿರಿ. ಫೋಕಸ್ ತಿರುಪುಗಳು ಪರಸ್ಪರ ತಾಗದಂತೆ ಮೇಲೆ–ಕೆಳಗೆ ಬರುವ ಹಾಗೆ ಕೊಳವೆಗಳನ್ನು ತಿರುಗಿಸಿಕೊಳ್ಳಿ. ಎಡ ಕೊಳವೆ ಅಲುಗಬಾರದು. ಬಲ ಕೊಳವೆಯ ಹಿಂದಿನ ತೊಟ್ಟಿಲನ್ನು ಮಾತ್ರ ಉದ್ದ ಸೀಳಿನಲ್ಲಿ ಎಡಬಲಕ್ಕೆ ಸರಿಯುವಂತೆ, ಒಂದು ಬೋಲ್ಟಿನಿಂದ ಏರಿಳಿಯುವಂತೆ ಕೂರಿಸಿ.

ಇನ್ನು ನಿಜವಾದ ಕೆಲಸ. ಕೊಳವೆಗಳು ಸಮಾನಾಂತರವಾಗದಿದ್ದರೆ ಹತ್ತು ನಿಮಿಷದಲ್ಲಿ ತಲೆನೋವು ಖಂಡಿತ. ಅದರಲ್ಲೂ ಮೇಲು–ಕೆಳಗಿನ ವ್ಯತ್ಯಾಸವನ್ನು ಕಣ್ಣು ಸ್ವಲ್ಪವೂ ಸಹಿಸದು. ಎದುರುಮನೆಯ ನೀರಿನ ಟ್ಯಾಂಕು ಗುರಿಯಾಗಲಾರದು, ತೀರಾ ಹತ್ತಿರ. ಸಿಂಹಗಡದ ಮೇಲಿನ ಟಿವಿ ಗೋಪುರ ಕಾಣುವ ತಾರಸಿ ಇದ್ದರೆ ಅದಕ್ಕಿಂತ ಒಳ್ಳೆಯ ಗುರಿ ಬೇಡ. ಬೆಳಗ್ಗೆಯೇ ಮಾಡಿ. ಗಡ ನೈರುತ್ಯಕ್ಕಿದೆ, ಸಂಜೆ ಸೂರ್ಯ ಆ ಕಡೆಗೇ ಇಳಿಯುತ್ತಾನೆ. ಕೊಳವೆಯೊಳಗೆ ಒಂದು ಕ್ಷಣ ಸೂರ್ಯ ಬಿದ್ದರೂ ಕಣ್ಣು ಹೋಗುತ್ತದೆ.

ರಾತ್ರಿ ಧ್ರುವ ನಕ್ಷತ್ರಕ್ಕೆ ತಿರುಗಿಸಿ. ಪುಣೆಯಲ್ಲಿ ಅದು ದಿಗಂತದಿಂದ ಸುಮಾರು 18 ಡಿಗ್ರಿ ಮೇಲಿದೆ, ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಎಡದ್ದರಲ್ಲಿ ಚುಕ್ಕಿ ಸ್ಪಷ್ಟವಾಗಿರಲಿ, ಬಲದ್ದರ ಫೋಕಸ್ ಕೆಡಿಸಿ ದುಂಡು ಬಿಲ್ಲೆಯಾಗಿಸಿ. ಎರಡೂ ಸ್ಪಷ್ಟವಾಗಿದ್ದರೆ ಮಿದುಳು ಸಣ್ಣ ತಪ್ಪನ್ನು ತಾನೇ ಮುಚ್ಚಿಬಿಡುತ್ತದೆ. ಬಿಲ್ಲೆಯ ನಟ್ಟನಡುವೆ ಚುಕ್ಕಿ ಕೂರುವವರೆಗೆ ಬೋಲ್ಟು ತಿರುಗಿಸಿ, ಆಮೇಲೆ ನಟ್ಟು ಬಿಗಿದು ಮತ್ತೊಮ್ಮೆ ನೋಡಿ. ಬಿಗಿಯುವಾಗಲೇ ಅದು ಸರಿಯುವುದು.

ಗಟ್ಟಿ ಟ್ರೈಪಾಡ್ ಮೇಲೇರಿಸಿ, ಚಳಿಗಾಲದಲ್ಲಿ ಊರ ಬೆಳಕಿನಿಂದ ದೂರ, ಪಾನಶೇತ್ ಜಲಾಶಯದ ಕಡೆಗೆ ಒಯ್ಯಿರಿ. ಮೊದಲು ಕೃತ್ತಿಕೆಯನ್ನು ಹುಡುಕಿ, ಒಂದು ಕಣ್ಣು ಮುಚ್ಚಿ ನೋಡಿ, ಬಳಿಕ ಎರಡೂ ತೆರೆಯಿರಿ.