ಪೆಸಾಖ್ ಡಬ್ಬಿಗೆ ನಮ್ಮೂರ ಪಂಕ್ತಿ ಲೆಕ್ಕ: ನನ್ನ ಅನುಭವ

ಯಹೂದಿಗಳ ಪೆಸಾಖ್ ಹಬ್ಬಕ್ಕೆ ಇಲ್ಲದವರ ಮನೆಗೆ ಕಳಿಸೋ ದಿನಸಿಯ 200 ಡಬ್ಬಿ, ಒಂದೊಂದರಲ್ಲೂ 14 ಐಟಂ, ಒಂದೂವರೆ ಗಂಟೆ ಮೇಲೆ ಒಂದೈದು ನಿಮಿಷ. ಇದು 2025ರ ಲೆಕ್ಕ. 2022ರಲ್ಲಿ ನಾನು ಮೊದಲ ಸಲ ಹೋದಾಗ 180 ಡಬ್ಬಿ ತುಂಬೋಕೆ ನಾಲ್ಕು ಗಂಟೆ ಮೇಲಾಗಿತ್ತು, ಅದೂ ಮಕ್ಕಳು ಮರಿ ಸೇರಿ 60 ಜನ ಇದ್ದೂ. ಹಿಂಗೂ ಮಾಡಬಹುದಲ್ವಾ ಅಂತ ನಾನು ಬಾಯಿಬಿಟ್ಟಾಗ ನಕ್ಕವರೇ ಈಗ ಪಕ್ಕದ ಊರಿನ ಸಿನಗಾಗ್, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರದವರಿಗೆ ಫೋನಲ್ಲಿ ಅದನ್ನ ವಿವರಿಸ್ತಾ ಇದಾರೆ. ಹಾಗಾಗಿ ಒಂದ್ಸಲ ನಾನೇ ಬರೆದಿಡೋಣ ಅಂತ ಕೂತೆ.

ನಾನಿರೋದು ನ್ಯೂ ಜೆರ್ಸಿಯಲ್ಲಿ, ಹೈಲ್ಯಾಂಡ್ ಪಾರ್ಕೂ ಎಡಿಸನ್ನೂ ಸೇರೋ ಕಡೆ. ಈ ಕಡೆ ಯಹೂದಿಗಳ ಬೀದಿಗಳು, ಕಾರಲ್ಲಿ ಸ್ವಲ್ಪ ಹೋದ್ರೆ ಓಕ್ ಟ್ರೀ ರೋಡಲ್ಲಿ ನಮ್ಮವರ ಅಂಗಡಿ ಸಾಲು. ಪಕ್ಕದ ಮನೆ ಯಹೂದಿ ಅಜ್ಜನಿಗೆ ಹಿಮ ಎತ್ತಿಕೊಡ್ತಿದ್ದೆ, ಅವರು ಒಂದಿನ "ನಿನ್ನ ಸೊಂಟ ಗಟ್ಟಿ ಇದೆ ಕಣಯ್ಯ, ಭಾನುವಾರ ಬಾ" ಅಂತ ಡಬ್ಬಿ ತುಂಬೋಕೆ ಕರ್ಕೊಂಡು ಹೋದ್ರು. ಪೆಸಾಖ್ ಹಬ್ಬಕ್ಕೆ ಮುಂಚೆ ಇಲ್ಲದವರ ಮನೆಗೆ ದಿನಸಿ ಮುಟ್ಟಿಸೋದು ಅವರಲ್ಲಿ ತಾಲ್ಮುದ್ ಅನ್ನೋ ಹಳೇ ಧರ್ಮಗ್ರಂಥದ ಕಾಲದ ಪದ್ಧತಿ, ಮಾಓತ್ ಖಿಟ್ಟಿಮ್ ಅಂತಾರೆ, ಗೋಧಿ ದುಡ್ಡು ಅಂತ ಅರ್ಥ. ನಾನು ಯಹೂದಿ ಅಲ್ಲ, ತೀರ್ಥಹಳ್ಳಿ ಕಡೆಯವನು, ಡಬ್ಬಿ ಎತ್ತೋಕೆ ಅದ್ಯಾವುದೂ ಅಡ್ಡ ಬರಲ್ಲ.

ಅಲ್ಲಿ ಮುಂಚೆ ಇದ್ದ ಪದ್ಧತಿ ಹೀಗಿತ್ತು. ಹಾಲ್ ಸುತ್ತ ಟೇಬಲ್ ಮೇಲೆ ಸಾಮಾನು, ಒಬ್ಬೊಬ್ಬರು ಒಂದೊಂದು ಡಬ್ಬಿ ಗಾಡಿಯಲ್ಲಿಟ್ಕೊಂಡು ಸೂಪರ್ ಮಾರ್ಕೆಟ್ಟಲ್ಲಿ ಸುತ್ತಿದ ಹಾಗೆ ಸುತ್ತೋದು. ಮತ್ಸಾ, ಅಂದ್ರೆ ಹುಳಿ ಬರಿಸದ ಹಬ್ಬದ ರೊಟ್ಟಿ, ಅದರ ಟೇಬಲ್ ಹತ್ರ ಸಿಲ್ಕ್ ಬೋರ್ಡ್ ಜಂಕ್ಷನ್ನು, ಮೂಲೆಯಲ್ಲಿ ಮೂಲಂಗಿ ಥರದ ಖಾರದ ಗಡ್ಡೆಯ ಬಾಟಲಿ ಇರೋ ಟೇಬಲ್ ಖಾಲಿ ಹೊಡೀತಿರ್ತಿತ್ತು, ಅರ್ಧ ಜನ ಅದನ್ನ ಹಾಕೋದೇ ಮರೆತು ಬರೋರು. ಆವತ್ತು ರಾತ್ರಿ ಮಲಗಿದಾಗ ಹೊಳೀತು, ನಮ್ಮೂರಲ್ಲಿ 500 ಎಲೆಗೆ ಬಡಿಸುವಾಗ ಎಲೆ ಎದ್ದು ಪಲ್ಯದ ಹತ್ರ ಹೋಗುತ್ತಾ? ಪಲ್ಯ ಎಲೆ ಹತ್ರ ಬರುತ್ತೆ. ಒಬ್ಬ ಉಪ್ಪು, ಒಬ್ಬ ಕೋಸಂಬರಿ, ಒಬ್ಬ ಉಪ್ಪಿನಕಾಯಿ, ಹಿಂದಿಂದೆ ಹೋಗ್ತಾನೇ ಇರ್ತಾರೆ. ಡಬ್ಬಿಗಳನ್ನ ಎಲೆ ಹಾಕಿದ ಹಾಗೆ ಸಾಲಾಗಿ ಇಟ್ಟು ಒಬ್ಬೊಬ್ಬರ ಕೈಗೆ ಒಂದೊಂದೇ ಐಟಂ ಕೊಟ್ರೆ ಮುಗೀತಲ್ಲ.

ಕೋಆರ್ಡಿನೇಟರಮ್ಮ ಒಪ್ಪಲಿಲ್ಲ. 20 ವರ್ಷದಿಂದ ನಡ್ಕೊಂಡು ಬಂದಿದ್ದು, ಜನ ಗೊಂದಲ ಆಗ್ತಾರೆ ಅಂದ್ರು. ಕೊನೆಗೆ 2023ರಲ್ಲಿ ಅಜ್ಜ ಮಧ್ಯ ಬಂದು 40 ಡಬ್ಬಿ ಮಾತ್ರ ನನ್ನ ಕೈಗೆ ಕೊಡಿಸಿದ್ರು, ಪರೀಕ್ಷೆಗೆ. ಅದರಲ್ಲಿ ನಾನು ಫೇಲು.

ಎರಡು ತಪ್ಪು. ಪಂಕ್ತಿ ಅಂದ್ರೆ ನೆಲ ಅಂತ ತಲೆಯಲ್ಲಿ ಕೂತಿತ್ತು ನೋಡಿ, ಡಬ್ಬಿಗಳನ್ನ ನೆಲದ ಮೇಲೆ ಸಾಲಾಗಿ ಇಟ್ಟೆ. ಬಂದಿರೋರಲ್ಲಿ ಅರ್ಧಕ್ಕರ್ಧ 65 ದಾಟಿದವರು, ಹತ್ತನೇ ಡಬ್ಬಿಗೆ ಬಗ್ಗೋ ಹೊತ್ತಿಗೆ ಒಬ್ಬೊಬ್ಬರೇ ಸೊಂಟ ಹಿಡ್ಕೊಂಡು ಕುರ್ಚಿ ಹುಡುಕಿದ್ರು. ಇನ್ನೊಂದು ತಪ್ಪು ದುಬಾರಿದು. ಎಲೆಯಲ್ಲಿ ಹಗುರದ್ದು ಮೊದಲು ಬರುತ್ತಲ್ಲ, ಅದೇ ಅಭ್ಯಾಸದಲ್ಲಿ ಮತ್ಸಾ ಮೊದಲು ಬಿಟ್ಟು ಆಲೂಗಡ್ಡೆ ಚೀಲ ಕೊನೆಗೆ ಬಿಟ್ಟೆ. ಕೈಯಲ್ಲಿ ಲಟ್ಟಿಸಿ ಮಾಡೋ ಗುಂಡನೆ ಶ್ಮುರಾ ಮತ್ಸಾ ಹಪ್ಪಳಕ್ಕಿಂತ ಕಡೆ, ನೋಡಿದ್ರೇ ಮುರಿಯುತ್ತೆ, ಒಂದು ಪೌಂಡಿಗೆ ಆಗಲೇ 28 ಡಾಲರ್ ಹತ್ರ ಇತ್ತು. ಸೇಡರ್, ಅಂದ್ರೆ ಹಬ್ಬ ಶುರುವಾಗೋ ರಾತ್ರಿಯ ಶಾಸ್ತ್ರದ ಊಟ, ಅದರ ತಟ್ಟೆಯಲ್ಲಿ ಮೂರು ಇಡೀ ಮತ್ಸಾನೇ ಬೇಕು, ಮುಕ್ಕಾಗಿದ್ದು ನಡೆಯಲ್ಲ. ಒಂಬತ್ತು ಡಬ್ಬಿಯಲ್ಲಿ ಪುಡಿಪುಡಿ. ಸುಮಾರು 250 ಡಾಲರ್ ಹೋಯ್ತು, ಅರ್ಧ ನಾನೇ ಕೈಯಿಂದ ಕೊಟ್ಟೆ, ಹೆಂಡ್ತಿಗೆ ಹೇಳಿರಲಿಲ್ಲ, ಈಗ ಇದನ್ನ ಓದಿ ಗೊತ್ತಾಗುತ್ತೆ. ಅಜ್ಜ ಮಾತ್ರ "ಹೆಂಗೂ ಮಧ್ಯದ್ದನ್ನ ಸೇಡರಲ್ಲಿ ನಾವೇ ಮುರೀತೀವಿ, ಇವನು ಮುಂಚೆನೇ ಮುರಿದುಕೊಟ್ಟ" ಅಂತ ನಗ್ತಾ ಇದ್ರು.

ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಹೇಳಿದೆ. ಮದುವೆ ಮನೆಗಳಲ್ಲಿ ಬಡಿಸೋ ಉಸ್ತುವಾರಿ ಅವರದ್ದೇ. "ಅಲ್ಲ ಮಾರಾಯ, ಎಲೆ ಬೇರೆ, ಪೆಟ್ಟಿಗೆ ಬೇರೆ. ಮಾವಿನಹಣ್ಣಿನ ಪೆಟ್ಟಿಗೆ ತುಂಬಿದ ಹಾಗೆ ತುಂಬು, ಪಂಕ್ತಿಗೆ ಬಡಿಸಿದ ಹಾಗೆ ನಡಿ" ಅಂದ್ರು. ಅಷ್ಟೇ, ನನ್ನ ಪೂರ್ತಿ ಮೆಥಡ್ಡು ಆ ಒಂದು ಮಾತು.

2024ರಲ್ಲಿ ಅವರಿಗೆ ಅಧಿಕ ಮಾಸ, ನಮ್ಮ ಹಾಗೇ ಅವರೂ ತಿಂಗಳು ಸೇರಿಸ್ತಾರೆ, ಹಬ್ಬ ಏಪ್ರಿಲ್ 22ಕ್ಕೆ ಹೋಗಿ ಕೂತಿತ್ತು. ತಯಾರಿಗೆ ಟೈಮ್ ಸಿಕ್ತು. 8 ಅಡಿ ಮಡಚೋ ಟೇಬಲ್‌ಗಳನ್ನ ಉದ್ದಕ್ಕೆ ಜೋಡಿಸಿ ನಾಲ್ಕು ಸಾಲು, ಸಾಲಿನ ನಡುವೆ ಇಬ್ಬರು ಎದುರುಬದುರು ದಾಟೋಷ್ಟು ಜಾಗ. ಮೊದಲು ಆಲೂಗಡ್ಡೆ, ಹಿಂದೆ ದ್ರಾಕ್ಷಿ ರಸದ ಬಾಟಲಿ, ಹತ್ತಿಬೀಜದ ಎಣ್ಣೆ, ಈರುಳ್ಳಿ, ಮೀನಿನ ಜಾರು, ಹೀಗೆ ಭಾರದಿಂದ ಹಗುರಕ್ಕೆ, ಮೊಟ್ಟೆ ಆದ್ಮೇಲೆ ಕೊನೆಗೆ ಮತ್ಸಾ. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಅಂಗಡಿಯವರು ಪುಕ್ಕಟೆ ಕೊಡ್ತಾರೆ, ಆದ್ರೆ ತಳದಲ್ಲಿ ತೂತು ಇರುತ್ತೆ, ಒಂದು ರಟ್ಟು ಹಾಸದೇ ಹೋದ್ರೆ ಈರುಳ್ಳಿ ಪಾರ್ಕಿಂಗ್ ಲಾಟ್ ತುಂಬಾ ಉರುಳುತ್ತೆ. ಹೊಸ ಪೆಟ್ಟಿಗೆ ತಗೊಂಡ್ರೆ ಒಂದಕ್ಕೆ ಎರಡು ಡಾಲರ್ ಮೇಲೆ. ಯಾರ ಹಿಂದೆ ಯಾರನ್ನ ಬಿಡಬೇಕು, ನಿಧಾನದವರನ್ನ ಎಲ್ಲಿ ಸೇರಿಸಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದನ್ನ ಇಲ್ಲಿ ಬರೆಯಲ್ಲ, ನನಗೂ ಸ್ವಲ್ಪ ಬೆಲೆ ಇರಲಿ.

ತಿಂಡಿ ವಿಷಯದಲ್ಲೂ ಒಂದು ಪೆಟ್ಟು ತಿಂದೆ. ವಾಲಂಟಿಯರ್‌ಗಳಿಗೆ ಅಂತ ಹೆಂಡ್ತಿ ಮಾಡಿದ ಚಕ್ಕುಲಿ ಎರಡು ಡಬ್ಬ ತಗೊಂಡು ಹೋಗಿದ್ದೆ. ಬಾಗಿಲಲ್ಲೇ ತಡೆದ್ರು, ಈ ಹಬ್ಬಕ್ಕೆ ಹುಳಿ ಬರೋ ಧಾನ್ಯದ ತಿಂಡಿ ನಿಷಿದ್ಧ ಅಂತ. ಗೋಧಿ ಬಾರ್ಲಿ ಇಲ್ಲ, ಬರೀ ಅಕ್ಕಿ ಉದ್ದು ಅಂದೆ, ಅದಕ್ಕೂ ಆಗಲ್ಲ ಅಂದ್ರು. ಮಧ್ಯ, ಪೂರ್ವ ಯೂರೋಪ್ ಕಡೆಯಿಂದ ಬಂದ ಅಶ್ಕೆನಾಜಿ ಯಹೂದಿಗಳಿಗೆ ಈ ಹಬ್ಬದಲ್ಲಿ ಅಕ್ಕಿ, ಬೇಳೆಕಾಳು, ಕೊನೆಗೆ ಸಾಸಿವೆ ಕೂಡ ಇಲ್ಲ, ಸ್ಪೇನ್ ಕಡೆ ಮೂಲದ ಎಷ್ಟೋ ಸೆಫರ್ದಿ ಮನೆಗಳಲ್ಲಿ ಅಕ್ಕಿ ನಡೆಯುತ್ತೆ, ಏನೇ ಇದ್ರೂ ಹೊರಗಿನ ಅಡುಗೆಮನೆಯಿಂದ ಬಂದಿದ್ದು ಅಲ್ಲಿ ಒಳಗೆ ಹೋಗಲ್ಲ. ಒಗ್ಗರಣೆಗೆ ಸಾಸಿವೆ ಇಲ್ಲದೆ ಎಂಟು ದಿನ ಹೆಂಗಪ್ಪಾ ಅಂತ ನಾನು ಯೋಚಿಸ್ತಾ ಚಕ್ಕುಲಿನೆಲ್ಲ ಕಾರಲ್ಲೇ ಕೂತು ತಿಂದೆ. ಆಮೇಲೆ ಕಾರಲ್ಲಿ ತಿಂಡಿ ಪುಡಿ ಇದೆ, ಡೆಲಿವರಿಗೆ ಬರೋ ಮುಂಚೆ ವ್ಯಾಕ್ಯೂಮ್ ಹೊಡೆಸ್ಕೊಂಡು ಬಾ ಅಂದ್ರು. ನಮ್ಮಜ್ಜಿ ಮಡಿ ನೋಡಿ ಬೆಳೆದವನಿಗೆ ಇದೇನು ಹೊಸದಲ್ಲ. ಸೀಲ್ ಒಡೆಯದ ವೈನ್ ಬಾಟಲಿ ನಾನು ಮುಟ್ಟಬಹುದು, ಮುಚ್ಚಳ ತೆಗೆದಿದ್ರೆ ದೂರ, ಅದೂ ಮಡಿ ಲೆಕ್ಕವೇ. ಈಗ ಇಡೀ ಕಿತ್ತಳೆಹಣ್ಣು ಒಂದು ಬುಟ್ಟಿ ತಗೊಂಡು ಹೋಗ್ತೀನಿ, ತಕರಾರಿಲ್ಲ.

2024ರ ಆ ದಿನ ಎರಡು ಗಂಟೆ ಒಳಗೆ ಎಲ್ಲ ಮುಗೀತು, ಒಂದು ಮತ್ಸಾನೂ ಮುರೀಲಿಲ್ಲ. ನಾನು ಎದೆ ಉಬ್ಬಿಸ್ಕೊಂಡು ನಿಂತಿದ್ದೆ. ನೋಡಿದ್ರೆ ಜನರ ಮುಖದಲ್ಲಿ ಕಳೆನೇ ಇಲ್ಲ. ಯಾವಾಗ್ಲೂ ಮುಗಿದ ಮೇಲೆ ಅರ್ಧ ಗಂಟೆ ಹರಟೆ ಹೊಡೆಯೋರು ಕೋಟು ಹಾಕ್ಕೊಂಡು ಹೊರಟ್ರು. ಒಬ್ಬರು ಹೆಂಗಸು, 75ರ ಮೇಲಿರಬೇಕು, ನನ್ನ ಹತ್ರ ಬಂದು ನೆಟ್ಟಗೆ ಹೇಳಿದ್ರು: "ಹೋದ ವರ್ಷ ನಾನು ಹನ್ನೊಂದು ಮನೆಗೆ ಹಬ್ಬ ಮಾಡಿಕೊಟ್ಟೆ. ಈ ವರ್ಷ ಏನು ಮಾಡಿದೆ? ಈರುಳ್ಳಿ."

ಅವರ ಕೈ ನೋಡಿದೆ. ಈರುಳ್ಳಿ ಬಲೆಚೀಲ ಎತ್ತಿ ಎತ್ತಿ ಬೆರಳ ಸಂದಿಯಲ್ಲಿ ಕೆಂಪು ಗೆರೆ, ಉಗುರು ತುಂಬಾ ಸಿಪ್ಪೆ. 180 ಮನೆಗೂ ಅವರ ಕೈಯಿಂದಲೇ ಈರುಳ್ಳಿ ಹೋಗಿದೆ ಅಂತ ಲೆಕ್ಕ ಒಪ್ಪಿಸೋಕೆ ಹೋದೆ, ಅವರು ಕೇಳಲಿಲ್ಲ. ಮುಂದಿನ ವರ್ಷ ಬರಲ್ಲ ಅಂದ್ರು. ಬಾತ್ ಮಿತ್ಸ್ವಾ, ಅಂದ್ರೆ ಹುಡುಗಿಯರು ಧರ್ಮದ ಲೆಕ್ಕದಲ್ಲಿ ದೊಡ್ಡವರಾಗೋ ಶಾಸ್ತ್ರ, ಅದರ ಪ್ರಾಜೆಕ್ಟ್ ಅಂತ ಬಂದಿದ್ದ ಹನ್ನೆರಡು ವರ್ಷದ ಹುಡುಗಿ ಒಬ್ಬಳು ಮೂರು ಗಂಟೆ ಸೇವೆ ಬರ್ಕೊಬೇಕು ಅಂತ ಬಂದಿದ್ದೆ, ಎರಡೂ ಆಗಲಿಲ್ಲ ಅಂತ ಅಳೋ ಹಾಗಿದ್ಲು. ಕೋಆರ್ಡಿನೇಟರಮ್ಮ "ನಾನು ಹೇಳಿರಲಿಲ್ವಾ" ಅನ್ನೋ ಮುಖ ಮಾಡಿದ್ರು.

ಈ ಒಂದು ವಿಷಯ ಅರ್ಥ ಮಾಡ್ಕೊಳ್ಳೋಕೆ ನನಗೆ ತಿಂಗಳುಗಟ್ಟಲೆ ಹಿಡೀತು. ನಾವು ಡಬ್ಬಿ ತಗೊಳ್ಳೋರ ಬಗ್ಗೆನೇ ಯೋಚಿಸ್ತೀವಿ, ತುಂಬೋಕೆ ಬಂದವರು ಏನು ತಗೊಂಡು ಮನೆಗೆ ಹೋಗ್ತಾರೆ ಅಂತ ನೋಡಲ್ಲ. ಅವರಲ್ಲಿ ಒಳ್ಳೆ ಕೆಲಸ ಮಾಡಿದವರಿಗೆ ಹೇಳೋ ಒಂದು ಮಾತಿದೆ, ತಿಜ್ಕು ಲೆಮಿತ್ಸ್ವೋತ್, ಇನ್ನಷ್ಟು ಇಂಥ ಕೆಲಸ ನಿಮ್ಮ ಪಾಲಿಗೆ ಬರಲಿ ಅಂತ. ಮೊದಲ ಸಲ ಕೇಳಿದಾಗ ಇದೇನು ಆಶೀರ್ವಾದನೋ ಶಿಕ್ಷೆನೋ ಅಂತ ನಗು ಬಂದಿತ್ತು, ಕೆಲಸ ಮಾಡಿದ್ದಕ್ಕೆ ಕೂಲಿ ಇನ್ನೂ ಕೆಲಸ! ಆದ್ರೆ ಆ ಹೆಂಗಸಿಂದ ನಾನು ಕಿತ್ಕೊಂಡಿದ್ದು ಅದನ್ನೇ.

ಅದೇ ವರ್ಷ ಇನ್ನೊಂದು ಆಯ್ತು. ಡಬ್ಬಿ ಮೇಲೆ ಹೆಸರು ಇರಲ್ಲ, ನಂಬರ್ ಮಾತ್ರ, ಡ್ರೈವರ್‌ಗೆ ಅಡ್ರೆಸ್ ಮಾತ್ರ. ಕೊಟ್ಟವನಿಗೆ ತಗೊಂಡವನು ಗೊತ್ತಿರಬಾರದು, ತಗೊಂಡವನಿಗೆ ಕೊಟ್ಟವನು ಗೊತ್ತಿರಬಾರದು, ಅದು ದಾನದಲ್ಲಿ ಮೇಲಿಂದ ಎರಡನೇ ಮೆಟ್ಟಿಲು ಅಂತ ರಂಬಮ್ ಅನ್ನೋ ಯಹೂದಿ ಪಂಡಿತರು 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ, ಎಂಟು ಮೆಟ್ಟಿಲಿದೆ ಅದರಲ್ಲಿ. ನಾನು ಹುರುಪಲ್ಲಿ ಬೆಲ್ ಒತ್ತಿ ಅಲ್ಲೇ ನಿಂತಿದ್ದೆ, ಒಳಗೆ ಇಟ್ಟುಕೊಡೋಣ ಅಂತ. ಬಾಗಿಲು ತೆಗೆದವರು ಬೆಳಿಗ್ಗೆ ನನ್ನ ಪಕ್ಕದಲ್ಲೇ ಎಣ್ಣೆ ಬಾಟಲಿ ಬಡಿಸ್ತಿದ್ದವರು. ಇಬ್ಬರೂ ಒಂದು ಕ್ಷಣ ನೋಡಿದ್ವಿ. "ಹಬ್ಬದ ಶುಭಾಶಯ" ಅಂದೆ, ಅವರೂ ಅಂದ್ರು, ಬಾಗಿಲು ಹಾಕ್ಕೊಂಡ್ರು. ಕಾರಲ್ಲಿ ಬಂದು ಕೂತ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಅಜ್ಜನಿಗೆ ಯಾರು ಅಂತ ಹೇಳದೆ ಬರೀ ಇಷ್ಟು ಕೇಳಿದೆ, ತಗೊಳ್ಳೋರೂ ಬಂದು ಕೆಲಸ ಮಾಡ್ತಾರಾ ಅಂತ. ದಾನ ತಗೊಂಡು ಬದುಕೋನೂ ತನ್ನ ಕೈಲಾದಷ್ಟು ದಾನ ಕೊಡಲೇಬೇಕು ಅಂತ ನಿಯಮ ಇದೆ, ನಿನಗೆ ಗೊತ್ತಿಲ್ವಾ ಅಂದ್ರು. ಆವತ್ತಿಂದ ಬೆಲ್ ಒತ್ತಿ ಕಾರಿಗೆ ಓಡೋದು ರೂಲು, ಯಾರಿಗೂ ಅವರ ಬೀದಿಯ ಡೆಲಿವರಿ ಕೊಡಲ್ಲ.

ಇನ್ನು 2025. ಆ ವರ್ಷ ದುಡ್ಡೇ ದೊಡ್ಡ ತಲೆನೋವು. ಹಕ್ಕಿಜ್ವರದಿಂದ ಮೊಟ್ಟೆ ಡಜನ್‌ಗೆ 6 ಡಾಲರ್ ದಾಟಿತ್ತು, ಪೆಸಾಖ್‌ಗೆ ಮೊಟ್ಟೆ ಇಲ್ಲದೆ ಏನೂ ಆಗಲ್ಲ, ಮನೆಗೆ ಎರಡು ಡಜನ್ ಕೊಡ್ತಿದ್ದಿದ್ದು ಒಂದೂವರೆಗೆ ಇಳಿಸಿದ್ವಿ. ಡಬ್ಬಿ ಒಂದಕ್ಕೆ ಸುಮಾರು 95 ಡಾಲರ್ ಬಿತ್ತು, ಕೋಳಿ ಬೇರೆ, ಅದಕ್ಕೆ ಕೂಪನ್ನು. ಒಟ್ಟು 19,000 ಆಸುಪಾಸು. ಆಲೂಗಡ್ಡೆ ಮಾತ್ರ ನಾನು ಮಾಮೂಲಿ ರೇಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಟ್ಟು ತಂದೆ, ಹೆಂಗೆ ಅಂತ ಕೇಳಬೇಡಿ. ಮೇಲಾಗಿ ಆ ಸಲ ಹಬ್ಬ ಶುರುವಾಗಿದ್ದು ಏಪ್ರಿಲ್ 12, ಶನಿವಾರ ರಾತ್ರಿ. ಶಬ್ಬಾತ್, ಅಂದ್ರೆ ಶುಕ್ರವಾರ ಸಂಜೆ ಶುರುವಾಗೋ ವಿಶ್ರಾಂತಿ ದಿನ, ಆವಾಗ ಅವರು ಕಾರು ಮುಟ್ಟಲ್ಲ, ಹಾಗಾಗಿ ಎಲ್ಲ ಗುರುವಾರದೊಳಗೆ ಮನೆ ಮುಟ್ಟಬೇಕು.

ಬದಲಾಯಿಸಿದ್ದು ಇಷ್ಟೇ. ನಮ್ಮಲ್ಲಿ ಬಡಿಸಿದ ಮೇಲೆ ಒಬ್ಬರು ಪಂಕ್ತಿ ಉದ್ದಕ್ಕೂ ವಿಚಾರಿಸ್ಕೊಂಡು ಬರ್ತಾರಲ್ಲ, ಅದನ್ನ ತಂದೆ. ಕೊನೆ ಮತ್ಸಾ ಬಿದ್ದ ಮೇಲೆ ಎಲ್ಲರೂ ಕೈಯಲ್ಲಿದ್ದಿದ್ದು ಕೆಳಗಿಟ್ಟು ತಲಾ ಮೂರು ಡಬ್ಬಿ ಮುಂದೆ ನಿಲ್ಲಬೇಕು. ಆ ಮೂರು ಅವರದ್ದು. ಪಟ್ಟಿ ನೋಡಿ 14 ಐಟಂ ಎಣಿಸಿ, ಸರಿ ಜೋಡಿಸಿ, ಮುಚ್ಚಿ ಟೇಪ್ ಹಾಕಿ, ತಾವೇ ಹೊತ್ಕೊಂಡೋ ತಳ್ಕೊಂಡೋ ಕಾರಿನ ತನಕ ಬಿಟ್ಟು ಬರಬೇಕು. ಅದಕ್ಕೆ ಹೆಚ್ಚಿಗೆ ಹಿಡಿದಿದ್ದು ಇಪ್ಪತ್ತು ನಿಮಿಷ, ಅದೂ ನಾನು ಮೇಲೆ ಹೇಳಿದ ಲೆಕ್ಕದಲ್ಲೇ ಸೇರಿದೆ. ಮರೆತುಹೋದ ಐಟಂ 200ರಲ್ಲಿ ಎರಡೋ ಮೂರೋ, ಅಷ್ಟೇ. ಮುಂಚೆ ಪ್ರತಿ ವರ್ಷ ಮೂವತ್ತು ನಲವತ್ತು ಮನೆಯಿಂದ ಫೋನ್ ಬರ್ತಿತ್ತು.

ಈರುಳ್ಳಿ ಅಮ್ಮನನ್ನ ಮನೆಗೆ ಹೋಗಿ ಕರ್ಕೊಂಡು ಬಂದಿದ್ದೆ. ಮೂರು ಡಬ್ಬಿ ಮುಂದೆ ನಿಂತು ಮೊದಲನೇದರಲ್ಲಿ ಮೊಟ್ಟೆ ಟ್ರೇ ತೆಗೆದು ಒಂದೊಂದೇ ಮೊಟ್ಟೆ ಬೆರಳಲ್ಲಿ ತಿರುಗಿಸಿ ನೋಡಿದ್ರು, ಒಡೆದು ಅಂಟಿದೆಯಾ ಅಂತ. ಹದಿನೆಂಟೂ ನೋಡಿದ್ರು. ಹಿಂದೆ ಕ್ಯೂ ನಿಂತಿತ್ತು, ನಾನು ಬಾಯಿ ಮುಚ್ಕೊಂಡಿದ್ದೆ. ಮೂರನೇ ಡಬ್ಬಿ ಟೇಪ್ ಹಾಕಿ ಮೇಲೆ ಅಂಗೈ ಇಟ್ಟು ಏನೋ ಹೀಬ್ರೂನಲ್ಲಿ ಹೇಳ್ಕೊಂಡ್ರು. ನನ್ನ ಕಡೆ ತಿರುಗಿ "ನಾಲ್ಕು ಕೊಡು" ಅಂದ್ರು.

ಉತ್ಸಾಹ ತಡೀಲಾರದೆ ಇದನ್ನೇ ನಮ್ಮ ಕನ್ನಡ ಕೂಟದ ಊಟದ ಡಬ್ಬಿಗೂ ಮಾಡೋಕೆ ಹೋಗಿ ಕೈ ಸುಟ್ಕೊಂಡೆ. ನಮ್ಮೋರು ಪಂಕ್ತಿ ಕಂಡ ತಕ್ಷಣ ಕೂತೇ ಬಿಟ್ರು, ಬಡಿಸೋಕೆ ನಾಲ್ಕೇ ಜನ. ಡಬ್ಬಿಗೆ ಬಣ್ಣದ ಸ್ಟಿಕ್ಕರ್ ಹಾಕೋ ಪ್ರಯೋಗ ಮಾತ್ರ ಅರ್ಧ ಗೆದ್ದಿದೆ, ಸೆಫರ್ದಿ ಮನೆಗಳಿಗೆ ಅಕ್ಕಿ ಸೇರಿಸಿದ್ದಕ್ಕೆ ಹಳದಿ, ಉಳಿದಿದ್ದಕ್ಕೆ ಬಿಳಿ, ಆದ್ರೆ ಹಾಲ್ ಲೈಟಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಮುಂದಿನ ಸಲ ನೀಲಿ.

ಕೋಆರ್ಡಿನೇಟರಮ್ಮ ಈಗ ಅದನ್ನ "ಪ್ಯಾಂಕ್ಟಿ" ಅಂತಾರೆ, ಎಷ್ಟು ತಿದ್ದಿದ್ರೂ ಅಷ್ಟೇ. 2026ರಲ್ಲಿ ಹಬ್ಬ ಏಪ್ರಿಲ್ 1ರ ಸಾಯಂಕಾಲ ಶುರು, ನಮ್ಮ ಯುಗಾದಿ ಮುಗಿದು ಎರಡು ವಾರ ಕೂಡ ಇರಲ್ಲ. 240 ಡಬ್ಬಿ ಆಗಬಹುದು ಅಂತಿದ್ದಾರೆ. ಈ ಕಡೆ ಯಾರ ಗ್ಯಾರೇಜಲ್ಲಾದ್ರೂ 8 ಅಡಿ ಟೇಬಲ್ ಸುಮ್ನೆ ಬಿದ್ದಿದ್ರೆ ಹೇಳಿ, ಇನ್ನೂ ಆರು ಬೇಕು.