ದರ ತಪ್ಪಿದರೆ ಸಾಮಾನು ಪುಕ್ಕಟೆ: ಕುಮಟಾದ ನನ್ನ ಅಂಗಡಿಯ ಅನುಭವ

2023ರ ದೀಪಾವಳಿಯ ಮರುದಿನ ನನ್ನ ಕಿರಾಣಿ ಅಂಗಡಿಯ ಕೌಂಟರಿನ ಮೇಲೆ ಒಂದು ಬೋರ್ಡು ಹಾಕಿದೆ. "ರ್‍ಯಾಕಿನಲ್ಲಿ ಬರೆದ ದರಕ್ಕಿಂತ ಅಥವಾ ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಬಿಲ್ಲಿನಲ್ಲಿ ಹೆಚ್ಚು ಬಂದರೆ ಆ ಸಾಮಾನು ಪುಕ್ಕಟೆ." ಹೊನ್ನಾವರದಲ್ಲಿ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ಅಣ್ಣ ಬಂದು ಓದಿ, "ಭಾವ, ದೀಪಾವಳಿಗೆ ಬೋರ್ಡು ಹಾಕಿದ್ದೀಯ, ಸಂಕ್ರಾಂತಿಗೆ ಬಾಗಿಲು ಹಾಕ್ತೀಯ" ಅಂದರು. ಸಗಟು ಅಂಗಡಿಯವರು, ಕಂಪನಿ ಏಜೆಂಟರು, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ, ಎಲ್ಲರದ್ದೂ ಅದೇ ರಾಗ. ಈಗ ಎರಡು ವರ್ಷ ದಾಟಿತು. ಬಾಗಿಲು ತೆರೆದೇ ಇದೆ. ಹೋದ ತಿಂಗಳು ಭಾವನೇ ಫೋನ್ ಮಾಡಿ ಬೋರ್ಡಿನ ಮೇಲೆ ಏನೇನು ಬರೆದಿದ್ದೀಯ, ಫೋಟೋ ಕಳಿಸು ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸುಮಾರು 1,400 ಚದರಡಿಯ ಅಂಗಡಿ, ಐದು ಜನ ಕೆಲಸದವರು. 2016ರಲ್ಲಿ ಸಾಲ ಮಾಡಿ ಹಾಕಿದ್ದು. ಮೊದಲ ಐದು ವರ್ಷ ದಿನದ ಗಲ್ಲೆ 70 ಸಾವಿರದ ಆಚೀಚೆ ಇರುತ್ತಿತ್ತು. ಹೆದ್ದಾರಿ ಬದಿಗೆ ದೊಡ್ಡ ಮಾರ್ಟು ಬಂದ ಮೇಲೆ 58ಕ್ಕೆ ಇಳಿಯಿತು. ನಾನು ಎರಡು ವರ್ಷ ಆ ಮಾರ್ಟನ್ನು ಬೈದುಕೊಂಡೇ ಕಳೆದೆ.

ಕಣ್ಣು ತೆರೆಸಿದ್ದು ನಮ್ಮ ಕೇರಿಯ ಒಬ್ಬ ಅಕ್ಕೋರು. ನಿವೃತ್ತಿಯಾದ ಟೀಚರು, ಅಂಗಡಿ ಶುರುವಾದ ದಿನದಿಂದ ಗಿರಾಕಿ, ಆರು ತಿಂಗಳಿಂದ ಕಾಲಿಟ್ಟಿರಲಿಲ್ಲ. ಬುಧವಾರದ ಸಂತೆಯಲ್ಲಿ ಸಿಕ್ಕಾಗ, "ಅಕ್ಕೋರೇ, ಎಲ್ಲಿ ನಾಪತ್ತೆ?" ಅಂತ ಕೇಳಿದೆ. ಅವರು ಏನೂ ಹೇಳದೆ ಪರ್ಸಿನಿಂದ ಮಡಿಸಿಟ್ಟ ಬಿಲ್ಲುಗಳನ್ನು ತೆಗೆದರು. ಆರು ಬಿಲ್ಲು, ಎಲ್ಲ ನನ್ನವೇ. ಪ್ರತಿಯೊಂದರಲ್ಲೂ ಒಂದೆರಡು ಸಾಲಿನ ಎದುರು ಪೆನ್ಸಿಲಿನ ಗೀಟು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸರಿ ದರ. ತೊಗರಿಬೇಳೆ ರ್‍ಯಾಕಿನಲ್ಲಿ 148, ಬಿಲ್ಲಿನಲ್ಲಿ 154. ಪಾತ್ರೆ ತೊಳೆಯುವ ಸಾಬೂನು ಪೊಟ್ಟಣದ ಮೇಲೆ 30, ಬಿಲ್ಲಿನಲ್ಲಿ 32. ಎಲ್ಲ ಕೂಡಿಸಿ ಕೊನೆಯ ಬಿಲ್ಲಿನ ಹಿಂದೆ ಬರೆದಿದ್ದರು: 43 ರೂಪಾಯಿ.

"ದುಡ್ಡಿಗಲ್ಲ ತಮಾ," ಅಂದರು. "ಪ್ರತಿ ಸಲ ನಾನು ನಿಂತು ಲೆಕ್ಕ ಹೇಳಬೇಕು. ಹಿಂದೆ ಲೈನಿನಲ್ಲಿದ್ದವರೆಲ್ಲ ನನ್ನನ್ನೇ ನೋಡ್ತಾರೆ. ನಿನ್ನ ಹುಡುಗಿ ಸಿಸ್ಟಮ್ಮಿನಲ್ಲಿ ಹಾಗೇ ಬರ್ತದೆ ಅಂತಾಳೆ. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಎರಡು ರೂಪಾಯಿಗೆ ಜಗಳ ಆಡೋ ಹೆಂಗಸು ಅಂತ ಅನ್ನಿಸ್ಕೊಳ್ಳೋದು ಬೇಡ ಅಂತ ಬರೋದೇ ಬಿಟ್ಟೆ."

ಆ ರಾತ್ರಿ ನಿದ್ದೆ ಬರಲಿಲ್ಲ. 43 ರೂಪಾಯಿಯ ಹಿಂದೆ ತಿಂಗಳಿಗೆ ಐದಾರು ಸಾವಿರದ ಗಿರಾಕಿ ಹೋಗಿದ್ದರು. ಬಾಯಿ ಬಿಟ್ಟು ಹೇಳದೆ ಹೀಗೆ ಹೋದವರು ಇನ್ನೆಷ್ಟು ಜನವೋ.

ಯಾಕೆ ಹೀಗಾಗುತ್ತದೆ ಅಂತ ಈ ಧಂಧೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಬಾರ್‌ಕೋಡಿಗೆ ಎರಡು ಮೂರು ಎಂಆರ್‌ಪಿ. ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಪಟ್ಟಿ ಬರುತ್ತದೆ, ಲೈನು ಉದ್ದ ಇದ್ದಾಗ ಕೌಂಟರಿನವಳು ಪೊಟ್ಟಣ ತಿರುಗಿಸಿ ನೋಡದೆ ಮೊದಲನೆಯದನ್ನು ಒತ್ತುತ್ತಾಳೆ. ಮೊದಲನೆಯದು ಹೊಸ ಮಾಲು, ಅಂದರೆ ಹೆಚ್ಚಿನ ದರ. ಕೈಯಲ್ಲಿರುವ ಪೊಟ್ಟಣ ಹಳೆಯದಾಗಿದ್ದರೆ ನಾವು ಎಂಆರ್‌ಪಿ ದಾಟಿದ ಹಾಗೇ ಆಯಿತು. 2011ರ ಪ್ಯಾಕೇಜ್ ನಿಯಮದಲ್ಲಿ ಅದು ನೇರ ತಪ್ಪು, ಗೊತ್ತಿಲ್ಲದೆ ಆಯಿತು ಅಂದರೆ ನಡೆಯುವುದಿಲ್ಲ. ಇನ್ನು ಮುಗಿದ ಆಫರಿನ ಚೀಟಿ ರ್‍ಯಾಕಿನಲ್ಲೇ ಉಳಿಯುವುದು, ಬೇಳೆಯ ದರ ಏರಿಸಿ ಲೇಬಲ್ ಬದಲಿಸದೆ ಇರುವುದು. ಇವೂ ಗಿರಾಕಿಗೆ ಮೋಸವೇ.

ಬೋರ್ಡಿಗಿಂತ ಮೊದಲು ಮಾಡಿ ಸೋತದ್ದನ್ನೂ ಹೇಳಬೇಕು. ಸಲಹಾ ಪೆಟ್ಟಿಗೆ ಇಟ್ಟೆ. ಮೂರು ತಿಂಗಳಲ್ಲಿ ಬಿದ್ದದ್ದು ಎರಡು ಚೀಟಿ, ಒಂದರಲ್ಲಿ "ಒಳ್ಳೆಯದಾಗಲಿ" ಅಂತ ಇತ್ತು. ವಾಟ್ಸಾಪ್ ಗುಂಪು ಮಾಡಿದೆ, 140 ಜನ ಸೇರಿದರು, ಶುಭೋದಯದ ಚಿತ್ರ ಬಿಟ್ಟು ಬೇರೇನೂ ಬರಲಿಲ್ಲ. ಲೈನು ಕರಗಲಿ ಅಂತ ಎರಡನೇ ಕೌಂಟರಿಗೆ 55 ಸಾವಿರ ಸುರಿದೆ. ಸಂಜೆ ಆರರಿಂದ ಎಂಟರವರೆಗೆ ಬಿಟ್ಟರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು, ದರ ತಪ್ಪಿದರೆ ಕೌಂಟರಿನವಳ ಸಂಬಳದಲ್ಲಿ ಹಿಡಿಯುತ್ತೇನೆ ಅಂದದ್ದು. ಹಿಡಿದದ್ದು ಬರೀ 120 ರೂಪಾಯಿ, ಆದರೆ ನಾಲ್ಕು ವರ್ಷ ಜೊತೆಗಿದ್ದ ಹುಡುಗಿ ಕೆಲಸ ಬಿಟ್ಟು ಹೋದಳು. ರ್‍ಯಾಕಿನ ಲೇಬಲ್ ಬದಲಿಸಬೇಕಾದವನು ನಾನು, ಕಡಿತ ಅವಳಿಗೆ. ಅವಳ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ. ಅವಳು ವಾಪಸು ಬರಲಿಲ್ಲ.

ಆಮೇಲೆ ಬಂದದ್ದು ಬೋರ್ಡು. ಮೊದಲ ವಾರವೇ 700 ರೂಪಾಯಿ ಆಸುಪಾಸಿನ ತುಪ್ಪದ ಡಬ್ಬ ಪುಕ್ಕಟೆ ಹೋಯಿತು, ಹಾಗಾಗಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 200 ರೂಪಾಯಿಗಿಂತ ಮೇಲಿನ ಸಾಮಾನಾದರೆ 200 ರೂಪಾಯಿ ಬಿಡುತ್ತೇವೆ. ಅದೇ ವಾರ ಕಾಲೇಜಿನ ಮೂರು ಹುಡುಗರು ಮೊಬೈಲ್ ಹಿಡಿದು ರ್‍ಯಾಕ್ ರ್‍ಯಾಕ್ ಜಾಲಾಡಿದರು. ಎಲ್ಲಿ ದರ ತಪ್ಪಿದೆಯೋ ಅಲ್ಲಿಂದ ಒಂದೊಂದು ತೆಗೆದು ಬುಟ್ಟಿ ತುಂಬಿಸಿಕೊಂಡು ಬಂದರು. ಶಾಂಪೂ, ಬಾಡಿ ಸ್ಪ್ರೇ, ಗೋಡಂಬಿ. ಸುಮಾರು 1,100 ರೂಪಾಯಿಯ ಮಾಲು. ಕೌಂಟರಿನವಳು ನನ್ನ ಮುಖ ನೋಡಿದಳು, ಕೊಟ್ಟು ಕಳಿಸು ಅಂದೆ. ಆ ಹುಡುಗರಿಗೆ ಇವತ್ತಿಗೂ ನಾನು ಋಣಿ. ಒಂದೂವರೆ ಗಂಟೆಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ತಪ್ಪು ಹುಡುಕಿ ಕೊಟ್ಟರು. ನಾನು ಸ್ಟಾಕ್ ಚೆಕ್ಕಿಗೆ ಅಂತ ವರ್ಷಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಅಷ್ಟು ಕೆಲಸ ಎಂದೂ ಆಗಿರಲಿಲ್ಲ.

ಮೊದಲ ತಿಂಗಳು ಸುಮಾರು 7,000 ರೂಪಾಯಿ ಹೋಯಿತು. ಎರಡನೇ ತಿಂಗಳು 4,500 ಇರಬೇಕು. ಹೆಂಡತಿ ಮಾತು ಬಿಟ್ಟಿದ್ದಳು. ತಿರುವು ಬಂದದ್ದು ಮೂರನೇ ತಿಂಗಳು, ಲೆಕ್ಕವನ್ನು ತಿರುಗಿಸಿ ಹಾಕಿದಾಗ. ತಿಂಗಳ ಒಂದನೇ ತಾರೀಕು 3,000 ರೂಪಾಯಿ ಒಂದು ಡಬ್ಬಿಗೆ ಹಾಕುತ್ತೇನೆ. ಪುಕ್ಕಟೆ ಹೋದದ್ದೆಲ್ಲ ಆ ಡಬ್ಬಿಯಿಂದ. ತಿಂಗಳ ಕೊನೆಗೆ ಉಳಿದದ್ದನ್ನು ಐದು ಜನಕ್ಕೆ ಸಮ ಪಾಲು. ಸಾಲದೆ ಬಂದರೆ ನನ್ನ ಕೈಯಿಂದ. ಇಷ್ಟೇ ಮಾಡಿದ್ದು. ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ ಹುಡುಗರು ಏಳೂಮುಕ್ಕಾಲಿಗೆ ಬಂದು ಲೇಬಲ್ ನೋಡತೊಡಗಿದರು. ನಾಲ್ಕನೇ ತಿಂಗಳಿನಿಂದ, ಮುಂದೆ ಹೇಳುವ ಒಂದು ವಾರ ಬಿಟ್ಟರೆ, ಪುಕ್ಕಟೆ ಹೋಗುವುದು ತಿಂಗಳಿಗೆ 700, 800ರ ಮೇಲೆ ಏರಿಲ್ಲ.

ಜೊತೆಗೆ ಒಂದು ಕಟ್ಟುನಿಟ್ಟು. ಒಂದೇ ಸಾಮಾನಿನ ಎರಡು ಎಂಆರ್‌ಪಿ ಒಟ್ಟಿಗೆ ರ್‍ಯಾಕಿಗೆ ಬರಬಾರದು. ಹೊಸ ದರದ ಪೆಟ್ಟಿಗೆ ಬಂದರೆ ಅದರ ಮೇಲೆ ಸೀಮೆಸುಣ್ಣದಲ್ಲಿ ದರ ಬರೆದು ಗೋದಾಮಿನಲ್ಲೇ ಇಡುವುದು, ಹಳೆಯದು ಕೊನೆಯ ಪೊಟ್ಟಣದವರೆಗೆ ಖಾಲಿಯಾದ ಮೇಲೆ ಒಡೆಯುವುದು. ಲೇಬಲ್ಲಿನ ಮೂಲೆಯಲ್ಲಿ ಒಂದು ಗುರುತು ಹಾಕುತ್ತೇವೆ, ಅದನ್ನು ನೋಡಿದರೆ ಯಾವುದನ್ನು ಇವತ್ತು ಪರೀಕ್ಷಿಸಬೇಕು ಅಂತ ದೂರದಿಂದಲೇ ಗೊತ್ತಾಗುತ್ತದೆ. ಆ ಗುರುತಿನ ಕ್ರಮ ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾದ ಪರೀಕ್ಷೆ 2025ರ ಸೆಪ್ಟೆಂಬರ್ 22. ಸ್ನಾನದ ಸಾಬೂನು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ಪೊಟ್ಟಣದ ಮೇಲೆ ಹಳೆ ದರ, ಬಿಲ್ಲಿನಲ್ಲಿ ಹೊಸ ದರ ಬರಬೇಕು. ನಾನು ಅಂಗಡಿಯನ್ನು ಹಿಂದಿನ ದಿನ, ಭಾನುವಾರ, ಮಧ್ಯಾಹ್ನಕ್ಕೇ ಮುಚ್ಚಿದೆ. ಐದು ಜನ, ನಾನು, ಹೆಂಡತಿ, ಪಿಯುಸಿ ಓದುವ ಮಗ ಸೇರಿ ರಾತ್ರಿ ಎರಡರವರೆಗೆ ಕೂತೆವು. ಆದರೂ ಆ ವಾರ 3,000 ಹತ್ತಿರ ಹೋಯಿತು, ಹೆಚ್ಚಿನದು ಬಿಸ್ಕತ್ತಿನಲ್ಲಿ. ಆದರೆ ಅದೇ ವಾರ ಹೊಸ ಗಿರಾಕಿಗಳು ಬಂದರು. "ಬೇರೆ ಕಡೆ ಇಳಿಸಿಲ್ಲ, ಇಲ್ಲಿ ಇಳಿಸದಿದ್ದರೆ ಪುಕ್ಕಟೆ ಕೊಡ್ತಾರಂತೆ" ಅಂತ ಬಾಯಿಂದ ಬಾಯಿಗೆ ಹೋಗಿತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. 2024ರ ಜುಲೈ 16ಕ್ಕೆ ನಮ್ಮೂರಿಗೂ ಅಂಕೋಲೆಗೂ ನಡುವಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ ಬರಬೇಕಾದ ನನ್ನ ಮಾಲು ಆಚೆಯೇ ಉಳಿಯಿತು. ಮಳೆಯಲ್ಲಿ ನೆನೆದುಕೊಂಡು ಬಂದವರು ಅಂಗಡಿಯೆಲ್ಲ ಸುತ್ತಿ, ಇಲ್ಲ ಅಂತ ಕೇಳಿ ವಾಪಸು ಹೋಗುವುದನ್ನು ನೋಡಲಾಗದೆ ಬಾಗಿಲ ಹೊರಗೆ ಕರಿಹಲಗೆ ಇಟ್ಟೆ: "ಇವತ್ತು ಇಲ್ಲ: ಗೋಧಿ ಹಿಟ್ಟು, ಉದ್ದಿನಬೇಳೆ, ಮಕ್ಕಳ ಡೈಪರ್." ಇಲ್ಲದ್ದನ್ನು ಬಾಗಿಲಲ್ಲಿ ಬರೆದರೆ ಯಾರು ಒಳಗೆ ಬರುತ್ತಾರೆ ಅಂತ ನನ್ನ ಆಯಿಯೇ ಬೈದಳು. ರಸ್ತೆ ತೆರೆದ ಮೇಲೆ ಹಲಗೆ ಒಳಗಿಟ್ಟೆ. ಎರಡು ದಿನದಲ್ಲಿ ನಾಲ್ಕೈದು ಜನ ಹಲಗೆ ಎಲ್ಲಿ ಅಂತ ಕೇಳಿದರು. ಅಂದಿನಿಂದ ಅದು ಹೊರಗೇ ಇದೆ. ಮೂರು ದಿನ ಒಂದೇ ಹೆಸರು ಹಲಗೆಯ ಮೇಲಿದ್ದರೆ ನನಗೇ ನಾಚಿಕೆಯಾಗುತ್ತದೆ, ಏಜೆಂಟಿಗೆ ಫೋನ್ ಹೋಗುತ್ತದೆ.

ತರಕಾರಿಯಲ್ಲಿ ಕೈ ಸುಟ್ಟುಕೊಂಡೆ. ತರಕಾರಿ ತಣ್ಣಗಿಡುವ ಗಾಜಿನ ಚಿಲ್ಲರಿಗೆ 70 ಸಾವಿರ, ಕರೆಂಟು ಬಿಲ್ಲು ತಿಂಗಳಿಗೆ ನಾಲ್ಕೈದು ಸಾವಿರ ಹೆಚ್ಚು. ಬೆಳಗಾವಿಯಿಂದ ಬಂದ ಸೊಪ್ಪು ಮೂರನೇ ದಿನ ಕಪ್ಪಾಗುತ್ತಿತ್ತು, ಪ್ಲಾಸ್ಟಿಕ್ ಸುತ್ತಿದ ಟೊಮೆಟೊ ಅಡಿಯಲ್ಲಿ ಕೊಳೆತಿರುತ್ತಿತ್ತು. ಗಿರಾಕಿಗಳ ಅತಿ ದೊಡ್ಡ ದೂರು ಅದೇ. ಕೊನೆಗೆ ತರಕಾರಿಯನ್ನೇ ಬಿಟ್ಟು, ರಸ್ತೆ ಬದಿಯಲ್ಲಿ ಕೂರುತ್ತಿದ್ದ ಇಬ್ಬರು ಹಾಲಕ್ಕಿ ಸಮುದಾಯದ ಅಜ್ಜಿಯರಿಗೆ ಅಂಗಡಿಯ ಜಗಲಿ ಬಿಟ್ಟುಕೊಟ್ಟೆ. ಬಾಡಿಗೆ ಇಲ್ಲ. ಬೆಳಿಗ್ಗೆ ಕಿತ್ತ ಹರಿವೆ, ಬಸಳೆ, ಬದನೆ ಬುಟ್ಟಿಯಲ್ಲಿ ಬರುತ್ತದೆ, ಹನ್ನೊಂದರೊಳಗೆ ಖಾಲಿ. ಹರಿವೆಗೆ ಬಂದವರು ತೆಂಗಿನೆಣ್ಣೆಗೆ ಒಳಗೆ ಬರುತ್ತಾರೆ. ಬೆಳಗಿನ ವ್ಯಾಪಾರ ಎದ್ದು ನಿಂತದ್ದು ಆ ಅಜ್ಜಿಯರಿಂದ. ಚಿಲ್ಲರಿನಲ್ಲಿ ಈಗ ಹಾಲು, ಮೊಸರು, ದೋಸೆ ಹಿಟ್ಟು ಇದೆ.

ಮಳೆಗಾಲದ ರಗಳೆ ನಮ್ಮ ಕರಾವಳಿಯವರಿಗೆ ಹೊಸತಲ್ಲ. ರವೆಗೆ ಹುಳ, ಅವಲಕ್ಕಿ ಮೆತ್ತಗೆ, ಬ್ರೆಡ್ಡಿಗೆ ಬೂಷ್ಟು. ತೇವ ಎಳೆಯುವ ಯಂತ್ರಕ್ಕೆ 18 ಸಾವಿರ ಕೊಟ್ಟೆ, ಕರೆಂಟೇ ಇರದ ಊರಿನಲ್ಲಿ ಅದು ಏನು ಎಳೆದೀತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರವೆ, ಮೈದಾ, ಅವಲಕ್ಕಿಯನ್ನು ವಾರಕ್ಕೆ ಎರಡು ಸಲ ತರಿಸುತ್ತೇನೆ, ಸ್ವಲ್ಪ ಸ್ವಲ್ಪ. ಗೋದಾಮಿನಲ್ಲಿ ಚೀಲ ನೆಲದಿಂದ ಗೇಣು, ಗೋಡೆಯಿಂದ ಗೇಣು ದೂರ, ಮರದ ಹಲಗೆಯ ಮೇಲೆ. ಸಾಗಣೆಗೆ ತಿಂಗಳಿಗೆ 2,000 ಹೆಚ್ಚು ಬೀಳುತ್ತದೆ. ಮೊದಲು ಪ್ರತಿ ಮಳೆಗಾಲಕ್ಕೆ 25, 30 ಸಾವಿರದ ಮಾಲು ಹೊಂಡಕ್ಕೆ ಹೋಗುತ್ತಿತ್ತು, ಹೋದ ವರ್ಷ ಐದು ಸಾವಿರವೂ ಇಲ್ಲ.

ತೂಕದ ಬಗ್ಗೆ ಒಂದು ಮಾತು. ಲೈನು ತಪ್ಪಿಸಲು ಬೇಳೆ, ಸಕ್ಕರೆಯನ್ನು ರಾತ್ರಿಯೇ ಅರ್ಧ ಕಿಲೋ, ಒಂದು ಕಿಲೋ ಕಟ್ಟಿ ಇಟ್ಟೆ. ಜನ ಮುಟ್ಟಲಿಲ್ಲ, ಕಟ್ಟಿಟ್ಟದ್ದರಲ್ಲಿ ತೂಕ ಕಡಿಮೆ ಅಂತ ಅನುಮಾನ. ಗಿರಾಕಿಗಳೇ ತೂಗಿ ನೋಡಲಿ ಅಂತ ಮುದ್ರೆ ಹಾಕಿಸಿದ ಒಂದು ತಕ್ಕಡಿಯನ್ನು ದಾರಿ ಮಧ್ಯದಲ್ಲೇ ಇಟ್ಟೆ. ಮೊದಲ ತಿಂಗಳು ಎಲ್ಲರೂ ತೂಗಿದರು. ಈಗ ಅದರ ಮೇಲೆ ಮಕ್ಕಳು ಚಾಕಲೇಟು ತೂಗುತ್ತಾರೆ. ಸಂಜೆಯ ಲೈನು ಅರ್ಧಕ್ಕೆ ಇಳಿದದ್ದು ಇದರಿಂದ, 55 ಸಾವಿರದ ಕೌಂಟರಿನಿಂದಲ್ಲ.

ಚಿಲ್ಲರೆಗೆ ಬದಲು ಚಾಕಲೇಟು ಕೊಡುವುದನ್ನೂ ನಿಲ್ಲಿಸಿದ್ದೇನೆ. ಯುಪಿಐ ಬಂದ ಮೇಲೆ ಚಿಲ್ಲರೆಯ ಚಿಂತೆ ಮುಗಿಯಿತು ಅನ್ನುವವರು ಮಳೆಗೆ ನೆಟ್‌ವರ್ಕ್ ಹೋದ ದಿನ ನನ್ನ ಕೌಂಟರಿನಲ್ಲಿ ನಿಲ್ಲಲಿ. ವಯಸ್ಸಾದವರು ಈಗಲೂ ನೋಟೇ ಕೊಡುತ್ತಾರೆ. ಒಂದು, ಎರಡರ ನಾಣ್ಯ ವಾರಕ್ಕೆ ಎರಡು ಸಾವಿರದಷ್ಟು ನನಗೆ ಕಮಿಷನ್ ಇಲ್ಲದೆ ಸಿಗುತ್ತದೆ. ಎಲ್ಲಿಂದ ಅಂತ ಹೇಳಿದರೆ ನಾಳೆ ಇಡೀ ಪೇಟೆ ಅಲ್ಲಿ ನಿಲ್ಲುತ್ತದೆ, ಹಾಗಾಗಿ ಅದು ನನ್ನಲ್ಲೇ ಇರಲಿ.

ಈಗ ದಿನದ ಗಲ್ಲೆ 82, 85 ಸಾವಿರ. ಬುಧವಾರ ಲಕ್ಷ ಮುಟ್ಟಿದ್ದೂ ಇದೆ. ದಿನಕ್ಕೆ 180 ಇದ್ದ ಬಿಲ್ಲು 260ರ ಸುತ್ತ ಬಂದಿದೆ. ಮಾರ್ಟು ಅಲ್ಲೇ ಇದೆ, ಆಫರೂ ನನಗಿಂತ ಹೆಚ್ಚೇ ಕೊಡುತ್ತದೆ.

ಅಕ್ಕೋರು ಬೋರ್ಡು ಹಾಕಿದ ಹದಿನೈದು ದಿನಕ್ಕೆ ಬಂದರು. ಪುಕ್ಕಟೆ ಕೊಟ್ಟದ್ದನ್ನೆಲ್ಲ ಬರೆಯುವ ಪುಸ್ತಕ ಕೌಂಟರಿನಲ್ಲಿ ದಾರ ಕಟ್ಟಿ ತೂಗುಹಾಕಿದೆ, ಸಾಮಾನು, ದರ, ತಾರೀಕು. ಅವರು ಬಂದಾಗಲೆಲ್ಲ ಮೊದಲು ಅದನ್ನು ತಿರುವುತ್ತಾರೆ, ಆಮೇಲೆ ಬುಟ್ಟಿ ಹಿಡಿಯುತ್ತಾರೆ. ಹೋದ ವಾರ ಜೀರಿಗೆ ಪೊಟ್ಟಣದಲ್ಲಿ ಮೂರು ರೂಪಾಯಿ ತಪ್ಪು ಹಿಡಿದರು. ಲೈನಿನಲ್ಲಿ ಏಳೆಂಟು ಜನ ಇದ್ದರು. ಕೌಂಟರಿನ ಹುಡುಗಿ ಎದ್ದು ನಿಂತು, "ತಪ್ಪಾಯ್ತು ಅಕ್ಕೋರೇ, ಇದು ನಿಮ್ಮದು" ಅಂತ ಪೊಟ್ಟಣವನ್ನು ಅವರ ಚೀಲಕ್ಕೆ ಹಾಕಿದಳು. ಅಕ್ಕೋರು ಚೀಲದಿಂದ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ತಾವೇ ಬರೆದರು, ಕೆಳಗೆ ಸಹಿ ಹಾಕಿದರು.

ನೋಡಬೇಕೆನ್ನುವವರು ಬನ್ನಿ, ಪುಸ್ತಕ ತೋರಿಸುತ್ತೇನೆ, ಡಬ್ಬಿಯ ಲೆಕ್ಕವನ್ನೂ ಹೇಳುತ್ತೇನೆ. ಬುಧವಾರ ಮಾತ್ರ ಬೇಡ.