ತೂಕ ಜಾಸ್ತಿ ಇಳಿಸದೆ ರೆಡ್‌ಟೇಲ್ ಪಳಗಿಸಿದ ನನ್ನ ಅನುಭವ

ಕಳೆದ ಚಳಿಗಾಲ ನಾನು ಬೇಟೆಗೆ ಹಾರಿಸಿದ ಹೆಣ್ಣು ರೆಡ್‌ಟೇಲ್ (ಅಮೆರಿಕದ ಕೆಂಪು ಬಾಲದ ಗಿಡುಗ), ಕಾಡಿನಲ್ಲಿ ಹಿಡಿದಾಗ ಸುಮಾರು 1,280 ಗ್ರಾಂ ಇತ್ತು. ಗಿಡುಗ ಹಾರಿಸುವವರ ಮೀಟ್‌ನಲ್ಲಿ ಹಿರಿಯರೆಲ್ಲ ಒಂದೇ ರಾಗ: 1,100ರ ಕೆಳಗೆ ಇಳಿಸು, ಇಲ್ಲದಿದ್ದರೆ ಹಸಿವಿಲ್ಲದೆ, ಕರೆದರೂ ಬಾರದೆ ಮರ ಹತ್ತಿ ಕೂತುಬಿಡುತ್ತದೆ. ನಾನು 1,200ರ ಆಸುಪಾಸಿನಲ್ಲೇ ಹಾರಿಸಿದೆ. ಮೊಲವನ್ನೂ ಹಿಡಿಯಿತು, ಅಳಿಲನ್ನೂ ಹಿಡಿಯಿತು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ!

ಸುಮ್ನೆ ಬಂದದ್ದಲ್ಲ. ಅದರ ಹಿಂದಿನ ಹಕ್ಕಿಗೂ ಹೀಗೇ ಮಾಡಿದ್ದೆ, ತರಬೇತಿಯ ದಾರ ಬಿಚ್ಚಿದ ವಾರದಲ್ಲೇ ಹಾರಿಹೋಗಿ ಪಕ್ಕದ ಕೌಂಟಿಯಲ್ಲಿ ಸಿಕ್ಕಿತು. ಹಕ್ಕಿಯೇನೋ ಪುಕ್ಕಟೆ, ಬಾಲ್ ಛತ್ರಿ ಎಂಬ ಬಲೆಗೆ ಬೀಳುತ್ತದೆ. ಖರ್ಚೆಲ್ಲ ಆಮೇಲೆ. ಜಿಪಿಎಸ್ ಟ್ರಾನ್ಸ್‌ಮಿಟರ್ ಸೆಟ್‌ಗೆ ಸಾವಿರ ಡಾಲರ್ ಹತ್ತಿರ, ಅಳಿಲು ಕಾಲ್ಬೆರಳು ಕಚ್ಚಿದಾಗ ವೆಟ್‌ಗೆ ನಾಲ್ಕುನೂರೋ ಐದುನೂರೋ.

ಈ ಸಲ ಬದಲಾಯಿಸಿದ್ದು ಊಟದ ಕ್ರಮ. ಒಂದೇ ಸಲ ಹೊಟ್ಟೆ ತುಂಬಿಸುವ ಬದಲು ದಿನವಿಡೀ ಚೂರು ಚೂರು ಮಾಂಸ, ಎಲ್ಲವೂ ಗ್ಲೋವ್ ಮೇಲೆಯೇ, ಕೆಲವು ಸಲ ಚೂರು, ಕೆಲವು ಸಲ ಇಡೀ ಕ್ವೇಲ್ (ಲಾವಕ್ಕಿ) ಕಾಲು, ಯಾವಾಗ ಏನು ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬಾರದು. ಮೊದಲ ರಾತ್ರಿ ಮ್ಯೂಸ್‌ನಲ್ಲಿ (ಗಿಡುಗ ಇಡುವ ಕೋಣೆ) ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಡುವೆ ಕ್ವೇಲ್ ಬಿಟ್ಟು ಬರೀ ಮೊಲದ ಮಾಂಸ ಕೊಟ್ಟು ನೋಡಿದೆ. ತಕ್ಕಡಿಯಲ್ಲಿ ಅದೇ ತೂಕ, ಆದರೆ ಹಸಿವು ಬೇರೆ! ಮೊಲದಲ್ಲಿ ಕೊಬ್ಬು ಕಡಿಮೆ ಅಲ್ವಾ. ತಕ್ಕಡಿಯನ್ನೇ ನಂಬುವವರು ಇದನ್ನೊಮ್ಮೆ ಮಾಡಿ ನೋಡಿ.

ಇಷ್ಟೆಲ್ಲ ಯಾಕೆ ಅಂದರೆ, ಕಾಡಿನಲ್ಲಿ ಮರಿಗಿಡುಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷದಲ್ಲೇ ಸಾಯುತ್ತವೆ. ಚಳಿಗಾಲ ಪೂರ್ತಿ ಸಾಕಿ, ಬೇಟೆ ಕಲಿಸಿ, ಎದೆ ತುಂಬಿದ ಹಕ್ಕಿಯನ್ನು ಬಿಟ್ಟರೆ ಕಾಡಿಗೆ ನಷ್ಟವಿಲ್ಲ. ನಮ್ಮ ಸಂಘಗಳು ಇದೇ ವಾದ ಹಿಡಿದು ಕಾಡಿನ ಹಕ್ಕಿ ಹಿಡಿಯುವ ಹಕ್ಕನ್ನು ಉಳಿಸಿಕೊಟ್ಟಿವೆ. ಒಣಗಿದ ಹಕ್ಕಿ ಬಿಟ್ಟರೆ ಆ ವಾದ ನಿಲ್ಲುವುದಿಲ್ಲ. ಉತ್ತರ ಅಮೆರಿಕದ ಗಿಡುಗ ಹಾರಿಸುವವರ ಸಂಘ ನಾಫಾ 1961ರಿಂದ ಇದೆ, ಆದರೂ ಚಂದಾ ಯಾಕೆ ಕಟ್ಟಬೇಕು ಅಂತ ಗೊಣಗುವವರು ನಮ್ಮಲ್ಲೇ ಇದ್ದಾರೆ. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಪೆರೆಗ್ರಿನ್ ಎಂಬ ಬೇಟೆ ಹಕ್ಕಿ ಕಾಣೆಯಾಗುತ್ತಿದ್ದಾಗ, ಅದನ್ನು ಸಾಕಿ ಮರಿ ಮಾಡಿಸಲು ಮುಂದೆ ಬಂದವರು ಗಿಡುಗ ಹಾರಿಸುವವರೇ. 1970ರಲ್ಲಿ ಈ ಹಕ್ಕಿಯನ್ನು ಉಳಿಸಲು ಪೆರೆಗ್ರಿನ್ ಫಂಡ್ ಸಂಸ್ಥೆ ಕಟ್ಟಿದ ಟಾಮ್ ಕೇಡ್ ಕೂಡ ನಮ್ಮವರೇ. ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ನಿಧಾನಕ್ಕೆ ಕಾಡಿಗೆ ಬಿಡುವ ಹ್ಯಾಕ್ ವಿಧಾನ ನಮ್ಮ ಹಳೇ ವಿದ್ಯೆ. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಷೇಧವಾಯಿತು, 1999ರಲ್ಲಿ ಪೆರೆಗ್ರಿನ್ ಅಪಾಯದ ಪಟ್ಟಿಯಿಂದ ಹೊರಬಂತು.

ನನ್ನ ಹಕ್ಕಿಯನ್ನು ಮಾರ್ಚ್‌ನಲ್ಲಿ ಬಿಟ್ಟೆ, ತೂಕ ಹಿಡಿದಾಗಿನದಕ್ಕಿಂತ ಚೂರು ಜಾಸ್ತಿಯೇ ಇತ್ತು. ಬಿಟ್ಟ ತಕ್ಷಣ, ಹಕ್ಕಿ ಹಿಡಿದದ್ದು ಬಿಟ್ಟದ್ದನ್ನು ಸರ್ಕಾರಕ್ಕೆ ತಿಳಿಸುವ 3-186ಎ ಫಾರ್ಮ್ ತುಂಬಿಸಿ, ಮರೆಯಬೇಡಿ. ಇನ್ನೊಂದು, ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆ ಹಕ್ಕಿಯ ಮೇಲೆ ನನ್ನ ಲೆಕ್ಕ ಹಾಕಬೇಡಿ. ನೂರು ಚಿಲ್ಲರೆ ಗ್ರಾಮಿನ ಹಕ್ಕಿಗೆ ಐದು ಗ್ರಾಂ ಆಚೀಚೆಯಾದರೂ ಆಟ ಬೇರೆ, ಅದನ್ನು ಈ ವರ್ಷ ನೋಡುತ್ತಿದ್ದೇನೆ.